ಸೋತ ತಂಡ, ಹೋದ ಕೋಚ್

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಯುಗೊಸ್ಲಾವಿಯಾ ಎದುರು 10–1 ಗೋಲುಗಳಿಂದ ಸೋತಿತು. ನಮ್ಮ ಪಾಲಿನ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಮೊದಲು ಶಾಲಾ ಮೇಷ್ಟರಾಗಿದ್ದವರು. ಇಷ್ಟು ದೊಡ್ಡ ಸೋಲಿನ ಮೇಲೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬಹುದಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಾಡಿದ್ದು ಬೇರೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು, ಆ ಚಳಿಯ ನಾಡಿನ ಮೈದಾನದಲ್ಲಿ ಅದು ನಡೆಯಲಿಲ್ಲ. ಇನ್ನು ಮುಂದೆ ಬೂಟು ಕಡ್ಡಾಯ ಎಂದು ಫೆಡರೇಷನ್ ನಿಯಮ ತಂದಿತು. ರಹೀಮ್ ಉಳಿದರು. ನಾಲ್ಕು ವರ್ಷದ ಮೇಲೆ ಮೆಲ್ಬರ್ನ್‌ನಲ್ಲಿ ಅದೇ ರಹೀಮರ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನಕ್ಕೇರಿತು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ಮರುವರ್ಷ ಜೂನ್‌ನಲ್ಲಿ ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲೆ ಭಾರತದ ತಂಡಕ್ಕೆ ಕೋಚ್‌ಗಳು ಅನೇಕರು ಬಂದು ಹೋದರು, ಆದರೆ ಏಷ್ಯನ್ ಚಿನ್ನ ಮತ್ತೆ ಬರಲಿಲ್ಲ. ಹೆಲ್ಸಿಂಕಿಯ ಮರುದಿನ ರಹೀಮರನ್ನು ಮನೆಗೆ ಕಳಿಸಿದ್ದರೆ ಜಕಾರ್ತಾ ಆಗುತ್ತಿರಲಿಲ್ಲ ಎಂದು ಸಾಧಿಸಿ ತೋರಿಸಲು ಯಾರಿಂದಲೂ ಆಗದು. ಸೋಲಿನ ಕಾರಣವನ್ನು ಕಾಲಡಿಯಲ್ಲಿ ಹುಡುಕಿದವರಿಗೆ ಅದು ಸಿಕ್ಕಿತು ಎಂಬುದನ್ನು ಮಾತ್ರ ದಾಖಲೆ ಹೇಳುತ್ತದೆ.

ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಕಾಲೇಜು ತಂಡಗಳ ಕೋಚ್‌ಗಳನ್ನು ನೇಮಿಸುವ, ಬೇಗನೆ ಕಿತ್ತುಹಾಕುವ, ಮತ್ತೆ ನೇಮಿಸುವ ಪದ್ಧತಿ. ಇದು ವಿಪರೀತಕ್ಕೆ ಹೋಗಿರುವುದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಬೆಳಗಾವಿಯ ಲೇಲೆ ಮೈದಾನದಲ್ಲಿ ನೋಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಹೆಲ್ಮೆಟ್ ತೊಟ್ಟು, ಗಜಗಜವಾಗಿ ನೆಲ ಗೆಲ್ಲುತ್ತ ಹೋಗುವ ಆಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ, ನಮ್ಮ ಬೆಂಗಳೂರಿನ ಕಂಠೀರವ ಅದರ ಕಾಲು ಭಾಗ. ಆ ದೇಶದ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಸಂಬಳ ರಾಜ್ಯಪಾಲರಿಗೂ ಇಲ್ಲ, ಕುಲಪತಿಗೂ ಇಲ್ಲ, ಯಾವುದೋ ವಿಶ್ವವಿದ್ಯಾಲಯದ ಕೋಚ್‌ಗೆ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ವಜಾ ಮಾಡಿದಾಗ, ಉಳಿದ ಗುತ್ತಿಗೆ ಅವಧಿಗಾಗಿ ಅವರಿಗೆ ಕೊಡಬೇಕಾಗಿ ಬಂದ ಮೊತ್ತ ಸುಮಾರು 7.6 ಕೋಟಿ ಡಾಲರ್, ಅಂದಿನ ದರದಲ್ಲಿ ₹630 ಕೋಟಿ. ಕೆಲಸ ಮಾಡದೇ ಇರುವುದಕ್ಕೆ ಕೊಡುವ ಹಣ ಇದು. ಇಂಥ ದೂರದ ಸಂಗತಿಯನ್ನು ಬೆಳಗಾವಿಯ ಶಿವಬಸವ ನಗರದಲ್ಲಿ ಕುಳಿತು ಮಾತನಾಡುವುದೇಕೆ ಎಂದರೆ, ಹಣ ಅವರದ್ದಾದರೂ ತರ್ಕ ನಮ್ಮಲ್ಲಿಗೂ ಬಂದಿದೆ. ತಂಡ ಸೋತರೆ ಕೋಚ್ ಹೋಗಬೇಕು, ಹೊಸಬ ಬಂದರೆ ತಂಡ ಗೆಲ್ಲುತ್ತದೆ ಎಂದು ಬೆಂಗಳೂರಿನ ಕ್ಲಬ್ಬಿನಲ್ಲೂ ದೆಹಲಿಯ ಫೆಡರೇಷನ್ನಿನಲ್ಲೂ ನಂಬಲಾಗುತ್ತದೆ. ನನ್ನ ವಾದ ಇಷ್ಟು: ಫಲಿತಾಂಶ ನೋಡಿ ಕೋಚ್ ಬದಲಿಸುವುದರಿಂದ ಸರಾಸರಿಯಲ್ಲಿ ತಂಡಕ್ಕೆ ಏನೂ ಲಾಭವಿಲ್ಲ. ಲಾಭ ಕಂಡಂತೆ ಆಗುವುದು ಹೆಚ್ಚಾಗಿ ಲೆಕ್ಕದ ಭ್ರಮೆ. ಆದರೂ ಅದು ನಿಲ್ಲದೆ ನಡೆಯುವುದು ನೇಮಿಸಿದವರನ್ನು ಅದು ಕಾಪಾಡುತ್ತದೆ ಎಂಬ ಕಾರಣಕ್ಕೆ.

ಒಂದು ಊರಿನ ಕತೆಯನ್ನು ಪೂರ್ತಿ ನೋಡುವುದು ಒಳ್ಳೆಯದು. ನೆಬ್ರಾಸ್ಕ ವಿಶ್ವವಿದ್ಯಾಲಯ ಗೋಧಿ, ಜೋಳ, ದನಕರುಗಳ ಸೀಮೆಯಲ್ಲಿದೆ. 1962ರಿಂದ 1972ರವರೆಗೆ ಅಲ್ಲಿ ಬಾಬ್ ಡೆವಾನಿ ಕೋಚ್. ಅವರ ಸಹಾಯಕ ಟಾಮ್ ಆಸ್ಬರ್ನ್ 1973ರಲ್ಲಿ ಅಧಿಕಾರ ವಹಿಸಿಕೊಂಡು 1997ರವರೆಗೆ 25 ಋತು ನಡೆಸಿದರು. ಪ್ರತಿ ವರ್ಷ ಕನಿಷ್ಠ 9 ಗೆಲುವು ತಂದರು. ಆದರೆ ರಾಷ್ಟ್ರೀಯ ಪ್ರಶಸ್ತಿ ಅವರಿಗೆ ಮೊದಲ ಬಾರಿ ಸಿಕ್ಕಿದ್ದು 1994ರಲ್ಲಿ, ಅಂದರೆ 22ನೇ ಋತುವಿನಲ್ಲಿ. ದೊಡ್ಡ ಪಂದ್ಯ ಗೆಲ್ಲಲು ಬಾರದವ ಎಂದು ಅಷ್ಟೂ ಕಾಲ ಅವರನ್ನು ಟೀಕಿಸಬಹುದಿತ್ತು, ಟೀಕಿಸಿದವರೂ ಇದ್ದರು. ಕಾದುದಕ್ಕೆ ಆ ವರ್ಷವೂ ಸೇರಿ ನಾಲ್ಕು ವರ್ಷದಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ ಬಂದವು. ಅವರ ಬಳಿಕ ಬಂದ ಫ್ರ್ಯಾಂಕ್ ಸೋಲಿಚ್ ಆರು ವರ್ಷದಲ್ಲಿ 58 ಗೆದ್ದು 19 ಸೋತರು, ಒಮ್ಮೆ ರಾಷ್ಟ್ರೀಯ ಅಂತಿಮ ಪಂದ್ಯವನ್ನೂ ಆಡಿಸಿದರು. 2003ರಲ್ಲಿ 9 ಗೆದ್ದು 3 ಸೋತಿದ್ದಾಗ ಅವರನ್ನು ತೆಗೆದರು. ಇಷ್ಟು ಸಾಲದು ಎಂಬುದು ಕ್ರೀಡಾ ನಿರ್ದೇಶಕ ಸ್ಟೀವ್ ಪೆಡರ್ಸನ್ ಅವರ ಎಣಿಕೆ. ವೃತ್ತಿಪರ ಲೀಗಿನಿಂದ ಬಿಲ್ ಕಲಹನ್ ಅವರನ್ನು ಕರೆತಂದರು. ಮೊದಲ ವರ್ಷವೇ 5 ಗೆಲುವು, 6 ಸೋಲು. 1962ರಿಂದ ಯಾವ ವರ್ಷವೂ ಗೆಲುವಿಗಿಂತ ಸೋಲು ಹೆಚ್ಚಿರದ ಸಾಲು ಅಲ್ಲಿಗೆ ಕಡಿಯಿತು. ನಾಲ್ಕು ವರ್ಷಕ್ಕೆ ಕಲಹನ್ ಹೋದರು, ಪೆಡರ್ಸನ್ ಕೂಡ ಹೋದರು. ಬೊ ಪೆಲಿನಿ ಬಂದು ಏಳು ವರ್ಷ, ಪ್ರತಿ ವರ್ಷ 9 ಅಥವಾ 10 ಗೆಲುವು ತಂದರು. 2014ರಲ್ಲಿ ಅವರನ್ನೂ ತೆಗೆದರು. ನಂತರದ ಮೈಕ್ ರೈಲಿ ಮೂರು ವರ್ಷದಲ್ಲಿ 19 ಗೆದ್ದು 19 ಸೋತರು. ಆಮೇಲೆ ಬಂದ ಸ್ಕಾಟ್ ಫ್ರಾಸ್ಟ್ ಅದೇ ವಿಶ್ವವಿದ್ಯಾಲಯದ ಹಳೆಯ ಆಟಗಾರ, ಊರಿನ ಮಗ, ಎಲ್ಲರ ಆಸೆ. ಅವರ ಲೆಕ್ಕ 16 ಗೆಲುವು, 31 ಸೋಲು. 2022ರ ಸೆಪ್ಟೆಂಬರ್ 11ರಂದು ಅವರನ್ನು ವಜಾ ಮಾಡಿದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ತಡೆದುಕೊಳ್ಳಲು ಆಡಳಿತಕ್ಕೆ ಆಗಲಿಲ್ಲ. ಇತ್ತ ಸಾಲದು ಎನಿಸಿಕೊಂಡ ಸೋಲಿಚ್ ಒಹಾಯೊ ಎಂಬ ಸಣ್ಣ ವಿಶ್ವವಿದ್ಯಾಲಯಕ್ಕೆ ಹೋಗಿ 2005ರಿಂದ ಒಂದೂವರೆ ದಶಕಕ್ಕೂ ಮೀರಿ ಅಲ್ಲಿಯೇ ನೆಲೆ ನಿಂತು ಗೆಲ್ಲುತ್ತ ಹೋದರು.

ಇದು ಒಂದೇ ಊರಿನ ಕತೆ, ಒಂದರಿಂದ ನಿಯಮ ಮಾಡಲಾಗದು ಎನ್ನುವವರು ಸರಿಯಾಗಿಯೇ ಹೇಳುತ್ತಾರೆ. ಹಾಗಾಗಿ ಲೆಕ್ಕಕ್ಕೆ ಬರೋಣ. ಅಮೆರಿಕದ ಕಾಲೇಜು ತಂಡ ಒಂದು ಋತುವಿನಲ್ಲಿ ಸಾಮಾನ್ಯವಾಗಿ 12 ಪಂದ್ಯ ಆಡುತ್ತದೆ. ಎದುರಾಳಿಗಳಿಗೆ ಸರಿಸಮನಾದ, ಪ್ರತಿ ಪಂದ್ಯದಲ್ಲೂ ಗೆಲ್ಲುವ ಸೋಲುವ ಸಾಧ್ಯತೆ ಅರ್ಧರ್ಧ ಇರುವ ಒಂದು ತಂಡವನ್ನು ಕಲ್ಪಿಸಿಕೊಳ್ಳಿ. ಕೋಚ್ ಬದಲಾಗಿಲ್ಲ, ಆಟಗಾರರ ಬಲ ಬದಲಾಗಿಲ್ಲ. ಆ ತಂಡ 12ರಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಪಂದ್ಯ ಗೆಲ್ಲುವ ಸಂಭವ ಶೇ 19ಕ್ಕಿಂತ ಹೆಚ್ಚು. ಅಂದರೆ ಯಾರ ತಪ್ಪೂ ಇಲ್ಲದೆ, ಗಾಳಿ, ಗಾಯ, ರೆಫರಿಯ ಒಂದು ಸೀಟಿ, ಚೆಂಡಿನ ಒಂದು ವಕ್ರ ಪುಟಿತ ಸೇರಿಯೇ ಐದು ವರ್ಷಕ್ಕೊಮ್ಮೆ ಇಂಥ ಕೆಟ್ಟ ಋತು ಬರುತ್ತದೆ. ಅದೇ ಲೆಕ್ಕದ ಇನ್ನೊಂದು ಮಗ್ಗುಲು ಇನ್ನೂ ಮುಖ್ಯ. ಆ ಕೆಟ್ಟ ವರ್ಷದ ನಂತರ ಏನನ್ನೂ ಬದಲಿಸದೆ ಕೈಕಟ್ಟಿ ಕುಳಿತರೂ ಮುಂದಿನ ವರ್ಷ 5 ಅಥವಾ ಹೆಚ್ಚು ಗೆಲುವು ಬರುವ ಸಂಭವ ಶೇ 80. ತೀರಾ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಯತ್ತ ವಾಲುವುದನ್ನು 19ನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಲೆಕ್ಕ ಹಾಕಿ ತೋರಿಸಿದರು. ತೀರಾ ಕೆಟ್ಟ ವರ್ಷಗಳೂ ಹಾಗೆಯೇ ವಾಲುತ್ತವೆ. ಕೋಚ್‌ನನ್ನು ಯಾವಾಗ ತೆಗೆಯುತ್ತಾರೆ? ಕೆಟ್ಟ ವರ್ಷದ ಕೊನೆಯಲ್ಲೇ. ಹೊಸಬ ಕಾಲಿಟ್ಟ ಕೂಡಲೇ ಅಂಕಪಟ್ಟಿ ಮೇಲೇರುತ್ತದೆ. ಏರಿಕೆ ಹೇಗೂ ಆಗಬೇಕಾಗಿತ್ತು, ಅದರ ಶ್ರೇಯ ಮಾತ್ರ ಹೊಸ ನೇಮಕಾತಿಯ ಖಾತೆಗೆ ಜಮೆಯಾಗುತ್ತದೆ. ಜ್ವರ ಇಳಿಯುವ ಹೊತ್ತಿಗೆ ಕಟ್ಟಿದ ತಾಯತಕ್ಕೆ ಸಿಗುವ ಕೀರ್ತಿ ಇದು.

ಕಾಗದದ ಮೇಲಿನ ಕಲ್ಪಿತ ತಂಡ ಬೇಡ, ನಿಜವಾದ ತಂಡಗಳನ್ನು ತೋರಿಸಿ ಎಂದರೆ ಅದಕ್ಕೂ ಉತ್ತರವಿದೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಮೊದಲ ದರ್ಜೆ ಫುಟ್‌ಬಾಲ್ ಲೀಗಿನ 1986ರಿಂದ 2004ರವರೆಗಿನ ದಾಖಲೆ ತೆಗೆದುಕೊಂಡರು. ಸೋಲಿನ ಸರಣಿಗೆ ಸಿಕ್ಕು ಕೋಚ್‌ನನ್ನು ಕಿತ್ತುಹಾಕಿದ ಕ್ಲಬ್ಬುಗಳನ್ನು ಒಂದು ಕಡೆ ಇಟ್ಟರು. ಅಷ್ಟೇ ಕೆಟ್ಟ ಸರಣಿಗೆ ಸಿಕ್ಕರೂ ಕೋಚ್‌ನನ್ನು ಉಳಿಸಿಕೊಂಡ ಕ್ಲಬ್ಬುಗಳನ್ನು ಇನ್ನೊಂದು ಕಡೆ ಇಟ್ಟರು. ಎರಡೂ ಗುಂಪು ಚೇತರಿಸಿಕೊಂಡವು. ತೆಗೆದವರಿಗೆ ವಿಶೇಷ ಲಾಭ ಕಾಣಲಿಲ್ಲ. ಅಮೆರಿಕದ ಕಾಲೇಜುಗಳ ಬಗ್ಗೆ ಸ್ಕಾಟ್ ಆಡ್ಲರ್, ಮೈಕೆಲ್ ಬೆರ್ರಿ, ಡೇವಿಡ್ ಡೊಹರ್ಟಿ ಎಂಬ ಮೂವರು ರಾಜ್ಯಶಾಸ್ತ್ರ ವಿದ್ವಾಂಸರು 1997ರಿಂದ 2010ರವರೆಗಿನ ಋತುಗಳನ್ನು ಇದೇ ರೀತಿ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತಳದಲ್ಲಿದ್ದ ತಂಡಗಳು ಕೋಚ್ ಬದಲಿಸಿದರೂ ಬದಲಿಸದಿದ್ದರೂ ಹೆಚ್ಚು ಕಡಿಮೆ ಒಂದೇ ಫಲ ಕಂಡವು. ಮಧ್ಯಮ ಮಟ್ಟದ ತಂಡಗಳಲ್ಲಿ ಬದಲಿಸಿದವು, ಬದಲಿಸದ ತಮ್ಮ ಸರೀಕರಿಗಿಂತ ಹಿಂದೆ ಬಿದ್ದವು. ಅಂದರೆ ನೆಬ್ರಾಸ್ಕ ಒಂಟಿ ಉದಾಹರಣೆಯೇನೂ ಅಲ್ಲ. ತೆಗೆದ ತಂಡಗಳು ಮೊದಲೇ ಕೆಟ್ಟಿದ್ದವು, ಅದಕ್ಕೇ ಅವುಗಳ ಫಲಿತಾಂಶ ಕೆಟ್ಟದ್ದು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಅದೇ ಸ್ಥಿತಿಯಲ್ಲಿದ್ದ ತಂಡಗಳನ್ನೇ ಜೋಡಿ ಮಾಡಿ ನೋಡಿದ್ದರಿಂದ ಆ ಬಾಗಿಲು ಮುಚ್ಚಿದೆ.

ನಮ್ಮ ನಾಡಿನಲ್ಲಿ ಇದನ್ನು ಪರೀಕ್ಷಿಸಲು ಕಾಲೇಜು ತಂಡಗಳ ದಾಖಲೆ ಸಾಲದು, ಆದ್ದರಿಂದ ಬೆಂಗಳೂರು ಎಫ್‌ಸಿಯನ್ನು ನೋಡಬೇಕು. 2013ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಮೊದಲ ಏಳು ವರ್ಷದಲ್ಲಿ ಕೋಚ್‌ಗಳು ಮೂವರೇ. ಆಶ್ಲೆ ವೆಸ್ಟ್‌ವುಡ್ ಎರಡು ಐ–ಲೀಗ್ ಗೆದ್ದುಕೊಟ್ಟರು. ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಆ ಹಂತ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ರೋಕಾ ಹೋದಾಗ ಅವರ ಸಹಾಯಕ ಕಾರ್ಲೆಸ್ ಕ್ವಾದ್ರತ್ ಅವರನ್ನೇ ಮೇಲೆ ತಂದರು, 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಪ್ರಶಸ್ತಿ ಬಂತು. ಡೆವಾನಿಯಿಂದ ಆಸ್ಬರ್ನ್‌ಗೆ ನಡೆದದ್ದೂ ಇದೇ ರೀತಿ ಎಂಬುದನ್ನು ಗಮನಿಸಿ. 2021ರ ಜನವರಿಯಲ್ಲಿ ಸತತ ಮೂರು ಸೋಲಿನ ಮೇಲೆ ಕ್ವಾದ್ರತ್ ಹೊರಟರು. ಋತುವಿನ ನಡುವೆ ಮಾಡಿದ ಬದಲಾವಣೆ ಫಲಿಸಲಿಲ್ಲ, ತಂಡ 7ನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಮುಂದಿನ ಕೋಚ್ ಮಾರ್ಕೊ ಪೆಜೈಯೊಲಿ ಒಂದು ಋತು ಕಳೆದು ಹೋದರು. ಸೈಮನ್ ಗ್ರೇಸನ್ ಬಂದ ಕೆಲವೇ ತಿಂಗಳಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ಡುರಾಂಡ್ ಕಪ್ ಗೆದ್ದರು. ಆಮೇಲೆ ಲೀಗಿನಲ್ಲಿ ತಂಡ ಮುಗ್ಗರಿಸುತ್ತ ಹೋಗಿ, ವರ್ಷದ ಕೊನೆಗೆ ಪಟ್ಟಿಯ ಕೆಳಸಾಲಿನಲ್ಲಿತ್ತು. ಆಗ ಕ್ಲಬ್ ಗ್ರೇಸನ್ ಅವರನ್ನು ತೆಗೆಯಲಿಲ್ಲ. ಹೊಸ ವರ್ಷದಲ್ಲಿ ಅದೇ ಕೋಚ್, ಅದೇ ಆಟಗಾರರು ಲೀಗಿನ ಎಂಟು ಪಂದ್ಯ ಸತತವಾಗಿ ಗೆದ್ದು ಫೈನಲ್‌ವರೆಗೆ ಹೋದರು. ಮರುವರ್ಷ ಮತ್ತೆ ಅಂಥದ್ದೇ ಕೆಟ್ಟ ಆರಂಭ. ಈ ಸಲ ಮುಂಬೈ ಸಿಟಿ ಎದುರು ತವರಿನಲ್ಲಿ 4–0 ಸೋತ ಬೆನ್ನಿಗೆ, 2023ರ ಡಿಸೆಂಬರ್‌ನಲ್ಲಿ, ತೆಗೆದರು. ಉತ್ತರಾಧಿಕಾರಿ ಜೆರಾರ್ಡ್ ಜರಗೋಜ ಕೈಯಲ್ಲಿ ಆ ಋತು 12 ತಂಡಗಳಲ್ಲಿ 10ನೇ ಸ್ಥಾನದಲ್ಲಿ ಮುಗಿಯಿತು. ಒಂದೇ ಕ್ಲಬ್, ಒಂದೇ ಬಗೆಯ ಸಂಕಟ, ಒಂದು ವರ್ಷ ತಾಳ್ಮೆ, ಇನ್ನೊಂದು ವರ್ಷ ವಜಾ. ಪ್ರಯೋಗಾಲಯದಲ್ಲಿ ಕೂಡ ಇಷ್ಟು ಹತ್ತಿರದ ಹೋಲಿಕೆ ಸುಲಭವಾಗಿ ಸಿಗದು. ಇನ್ನು, 10ನೇ ಸ್ಥಾನ ತಂದ ಜರಗೋಜ ಅವರನ್ನು ಕ್ಲಬ್ ಉಳಿಸಿಕೊಂಡಿತು, 2024–25ರಲ್ಲಿ ಅವರು ತಂಡವನ್ನು ಮೂರನೇ ಸ್ಥಾನಕ್ಕೆ, ಮತ್ತೆ ಫೈನಲ್‌ಗೆ ಒಯ್ದರು. ಜರಗೋಜ ಗ್ರೇಸನ್‌ಗಿಂತ ಉತ್ತಮ ಕೋಚ್ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಉತ್ತಮಿಕೆ ಬೆಳಕಿಗೆ ಬಂದದ್ದು ಪೂರ್ವ ತಯಾರಿಗೆ ಪೂರ್ತಿ ಬೇಸಿಗೆ ಸಿಕ್ಕ ಎರಡನೇ ಋತುವಿನಲ್ಲಿ ಎಂಬುದಷ್ಟನ್ನೇ ನೆನಪಿಡಬೇಕು. ಅತ್ತ ಕ್ವಾದ್ರತ್ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟು ಕೋಲ್ಕತ್ತದ ಕಣ್ಮಣಿಯಾದರು, ಅದೇ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅಲ್ಲಿಂದಲೂ ಹೊರಬಿದ್ದರು. ಎಂಟು ತಿಂಗಳಲ್ಲಿ ಒಬ್ಬ ಮನುಷ್ಯನ ವಿದ್ಯೆ ಆವಿಯಾಗುವುದುಂಟೇ?

ರಾಷ್ಟ್ರೀಯ ತಂಡದ ಇತ್ತೀಚಿನ ಚರಿತ್ರೆ ಇದರ ಅಡಿಟಿಪ್ಪಣಿಯಂತಿದೆ. ಇಗೊರ್ ಸ್ಟಿಮಾಚ್ 2019ರಿಂದ ಕೋಚ್ ಆಗಿದ್ದರು. 2023ರ ಜುಲೈನಲ್ಲಿ ಕಂಠೀರವದಲ್ಲಿ ಕುವೈತ್ ಎದುರು ಸ್ಯಾಫ್ ಪ್ರಶಸ್ತಿ ಗೆದ್ದ ಗುಂಗಿನಲ್ಲಿ ಫೆಡರೇಷನ್ ಅಕ್ಟೋಬರ್‌ನಲ್ಲಿ ಅವರ ಗುತ್ತಿಗೆಯನ್ನು 2026ರವರೆಗೆ ವಿಸ್ತರಿಸಿತು. ಎಂಟು ತಿಂಗಳ ನಂತರ, 2024ರ ಜೂನ್‌ನಲ್ಲಿ, ಅದೇ ಫೆಡರೇಷನ್ ಅವರನ್ನು ವಜಾ ಮಾಡಿ, ಕೊನೆಗೆ 4 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅವರ ಸ್ಥಾನಕ್ಕೆ ಬಂದ ಮನೊಲೊ ಮಾರ್ಕೆಜ್ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಬಂದ ಹೊಸತರಲ್ಲೇ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೇ ಸ್ಥಾನ ಗೆದ್ದಾಗ ಪತ್ರಿಕೆಗಳಲ್ಲಿ ಹೊಸ ಯುಗದ ಮಾತು ಕೇಳಿತು. ಅಕ್ಟೋಬರ್‌ನಲ್ಲಿ, ನಮ್ಮ ಚೋರ್ಲಾ ಘಾಟಿನ ಕೆಳಗಿನ ಗೋವಾದ ಮಡಗಾಂವಿನಲ್ಲಿ, ಸಿಂಗಪುರ ಎದುರು 2–1ರಿಂದ ಸೋತು 2027ರ ಏಷ್ಯನ್ ಕಪ್ ಅವಕಾಶ ಕೈತಪ್ಪಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶವೂ ಸೋಲಿಸಿತು. ಜಮೀಲರ ತಪ್ಪೆಂದು ಇದನ್ನು ಹೇಳುತ್ತಿಲ್ಲ. ಅವರು ನೇಮಕವಾದ ಆ ತಿಂಗಳಲ್ಲೇ, ಲೀಗ್ ನಡೆಯುವುದೋ ಇಲ್ಲವೋ ಗೊತ್ತಿಲ್ಲದೆ, ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ವೇತನವನ್ನೇ ತಡೆಹಿಡಿದಿತ್ತು. ದೇಶದ ಮುಖ್ಯ ಲೀಗ್ ಅನಿಶ್ಚಿತವಾಗಿರುವಾಗ ಬೆಂಚಿನ ಮೇಲೆ ಕೂರುವ ಮನುಷ್ಯ ಯಾರಾದರೆ ಏನು!

ಹಾಗಾದರೆ ಇಷ್ಟು ಫಲವಿಲ್ಲದ ಕ್ರಮವನ್ನು ಬುದ್ಧಿವಂತರೇ ಮತ್ತೆ ಮತ್ತೆ ಏಕೆ ಕೈಗೊಳ್ಳುತ್ತಾರೆ? ಉತ್ತರ ಸ್ಟಿಮಾಚ್ ಗುತ್ತಿಗೆಯ ಎರಡು ದಿನಾಂಕಗಳ ನಡುವೆಯೇ ಇದೆ. ಅಕ್ಟೋಬರ್‌ನ ವಿಸ್ತರಣೆ ಸರಿಯಾಗಿದ್ದರೆ ಜೂನ್‌ನ ವಜಾ ತಪ್ಪು. ಜೂನ್‌ನ ವಜಾ ಸರಿಯಾಗಿದ್ದರೆ ಅಕ್ಟೋಬರ್‌ನ ಸಹಿ ತಪ್ಪು. ಎರಡರಲ್ಲಿ ಯಾವುದನ್ನೇ ಒಪ್ಪಿದರೂ ತಪ್ಪು ಮಾಡಿದವರು ಸಮಿತಿಯವರು, ದಂಡ ತೆತ್ತದ್ದು ಫೆಡರೇಷನ್ನಿನ ಬೊಕ್ಕಸ. ಫಿಶರ್ ವಿಷಯದಲ್ಲೂ ಹಾಗೆಯೇ: 2017ರ ಗುತ್ತಿಗೆಯೇ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಖಾತರಿ ಮಾಡಿತ್ತು, 2021ರಲ್ಲಿ ಅದನ್ನು 2031ರವರೆಗೆ ಹಿಗ್ಗಿಸಿದರು, ಎರಡು ವರ್ಷಕ್ಕೆ ಕೈಬಿಟ್ಟರು. ಸೋಲಿನ ಸಿಟ್ಟು ಬೀದಿಗೆ ಬಂದಾಗ ಅದಕ್ಕೆ ಒಂದು ಮುಖ ಬೇಕು. ಮೈದಾನ ಸರಿಯಿಲ್ಲ, ಆಯ್ಕೆಯಲ್ಲಿ ಶಿಫಾರಸು ನಡೆಯಿತು, ಊಟದ ಭತ್ಯೆ ಎರಡು ತಿಂಗಳು ತಡವಾಯಿತು ಎಂಬ ಕಾರಣಗಳಿಗೆ ಮುಖವಿಲ್ಲ, ಅಥವಾ ಇದ್ದರೆ ಅದು ಸಮಿತಿಯ ಸದಸ್ಯರದ್ದೇ. ಕೋಚ್‌ಗೆ ಮುಖವಿದೆ, ಹೆಸರಿದೆ, ಪತ್ರಿಕೆಯಲ್ಲಿ ಫೋಟೊ ಇದೆ. ಅವರನ್ನು ಕಳಿಸುವ ಆದೇಶ ಹೊರಟ ದಿನ ಸಮಿತಿ ಏನೋ ಮಾಡಿದೆ ಎಂಬ ಭಾವನೆ ಹರಡುತ್ತದೆ. ಹೊಸಬನ ಹುಡುಕಾಟ, ಸ್ವಾಗತ, ಹೂಗುಚ್ಛದಲ್ಲಿ ಆರು ತಿಂಗಳು ಪ್ರಶ್ನೆಯಿಲ್ಲದೆ ಕಳೆಯುತ್ತದೆ. ನೆಬ್ರಾಸ್ಕದಲ್ಲಿ ಸೋಲಿಚ್‌ರನ್ನು ತೆಗೆದ ನಿರ್ದೇಶಕ, ಪೆಲಿನಿಯನ್ನು ತೆಗೆದ ನಿರ್ದೇಶಕ ಇಬ್ಬರೂ ಕೊನೆಗೆ ತಾವೇ ಹೊರಬಿದ್ದರು ನಿಜ, ಆದರೆ ಅದಕ್ಕೆ ಸುಮಾರು ಮೂರು ನಾಲ್ಕು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಒಂದು ಇಡೀ ತಲೆಮಾರಿನ ವಿದ್ಯಾರ್ಥಿಗಳು ಬಂದು ಹೋಗಿದ್ದರು. ಒಬ್ಬ ಕೋಚ್ ನಂಬಿ ಸೇರಿಸಿಕೊಂಡ ಹುಡುಗ ಮುಂದಿನ ಕೋಚ್‌ನ ಕಣ್ಣಿಗೆ ಬೇಡದವನಾಗುತ್ತಾನೆ. ಪರಿಹಾರ ಧನದ ಲೆಕ್ಕದಲ್ಲಿ ಅವನ ಹೆಸರು ಇರುವುದಿಲ್ಲ.

ಇದಕ್ಕೆ ಬರುವ ಪ್ರತಿವಾದಗಳಲ್ಲಿ ಎರಡು ಹಗುರವಾದವಲ್ಲ. ಮೊದಲನೆಯದು: ಕೆಲವು ಬದಲಾವಣೆಗಳು ನಿಜವಾಗಿಯೂ ಫಲ ಕೊಟ್ಟಿವೆ. ಟೆಕ್ಸಾಸ್ ಎ ಆ್ಯಂಡ್ ಎಂ ತಂಡವೇ ಫಿಶರ್ ಹೋದ ಎರಡನೇ ವರ್ಷ, 2025ರಲ್ಲಿ, ಹೊಸ ಕೋಚ್ ಮೈಕ್ ಎಲ್ಕೊ ಕೈಯಲ್ಲಿ ಋತುವಿನ 12 ಪಂದ್ಯಗಳಲ್ಲಿ 11 ಗೆದ್ದಿತು. ಒಪ್ಪಲೇಬೇಕು. ಸರಾಸರಿ ಎಂದರೆ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ಯಾರಿಗೆ ಯಾವುದು ಎಂಬುದು ಮೊದಲೇ ಗೊತ್ತಿರುವುದಿಲ್ಲ. ಗೆದ್ದ ಲಾಟರಿ ಚೀಟಿ ತೋರಿಸಿ ಲಾಟರಿಯನ್ನು ಸಮರ್ಥಿಸಲಾಗದು, ಅದರಲ್ಲೂ ಚೀಟಿಯ ಬೆಲೆ ₹630 ಕೋಟಿ ಇರುವಾಗ. ಎರಡನೆಯ ಪ್ರತಿವಾದ ಇನ್ನೂ ಗಂಭೀರ. ಬಹುಕಾಲ ಒಂದೇ ಕುರ್ಚಿಯಲ್ಲಿ ಕುಳಿತ ಕೋಚ್ ಪಾಳೇಗಾರನಾಗುತ್ತಾನೆ, ಪ್ರಶ್ನಿಸುವವರೇ ಇರುವುದಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೊ ಪಟರ್ನೊ 1966ರಿಂದ 46 ಋತು ಕೋಚ್ ಆಗಿದ್ದರು. ಅವರ ಮಾಜಿ ಸಹಾಯಕ ಮಕ್ಕಳ ಮೇಲೆ ವರ್ಷಗಟ್ಟಲೆ ಎಸಗಿದ ಲೈಂಗಿಕ ದೌರ್ಜನ್ಯ 2011ರಲ್ಲಿ ಬಯಲಾದಾಗ, ದೂರು ಕಿವಿಗೆ ಬಿದ್ದರೂ ಮಾಡಬೇಕಾದಷ್ಟು ಮಾಡಲಿಲ್ಲ ಎಂದು ಅವರನ್ನು ವಜಾ ಮಾಡಲಾಯಿತು. ಅದು ಆಗಬೇಕಾಗಿದ್ದ ವಜಾ. ದುರ್ನಡತೆಗೆ, ವಿದ್ಯಾರ್ಥಿಗಳ ಹಿಂಸೆಗೆ, ಹಣದ ದುರುಪಯೋಗಕ್ಕೆ ಒಂದು ದಿನವೂ ಕಾಯಬಾರದು. ಆದರೆ ಪಟರ್ನೊ ಅಷ್ಟು ಕಾಲ ಪ್ರಶ್ನಾತೀತರಾಗಿ ಉಳಿದದ್ದು ಹೇಗೆ? ಗೆಲ್ಲುತ್ತಿದ್ದರು. ಅಂಕಪಟ್ಟಿಯೊಂದೇ ಅಳತೆಗೋಲಾದಾಗ ಸೋತ ಸಜ್ಜನ ಮನೆಗೆ ಹೋಗುತ್ತಾನೆ, ಗೆದ್ದವನ ಅಂಗಳದಲ್ಲಿ ಏನು ನಡೆದರೂ ಯಾರೂ ಇಣುಕುವುದಿಲ್ಲ. ಹಾಗಾಗಿ ಪೆನ್ ಸ್ಟೇಟ್ ಪ್ರಕರಣ ನನ್ನ ವಾದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ನಮ್ಮ ಕಾಲೇಜುಗಳಿಗೆ ಬರೋಣ. ಇಲ್ಲಿನ ರೋಗ ತದ್ವಿರುದ್ಧ, ಇಲ್ಲಿ ಸೋತರೂ ಯಾರನ್ನೂ ತೆಗೆಯುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕಾಯಂ ಹುದ್ದೆಯ ದೈಹಿಕ ಶಿಕ್ಷಣ ನಿರ್ದೇಶಕರು ಮೈದಾನಕ್ಕೆ ಇಳಿಯದಿದ್ದರೂ ಸಂಬಳ ಬರುತ್ತದೆ ಎಂಬ ದೂರು ಹೊಸದಲ್ಲ. ಕೆಲವು ಕಡೆ ಅದು ನಿಜವೂ ಹೌದು. ಮೈದಾನಕ್ಕೆ ಹೋಗಿ ಅಭ್ಯಾಸ ಹೇಗೆ ನಡೆಯುತ್ತಿದೆ ಎಂದು ನೋಡುವ ಶ್ರಮವನ್ನು ಆಡಳಿತ ತಪ್ಪಿಸಿಕೊಳ್ಳುವುದರಲ್ಲಿ ಇಲ್ಲಿಗೂ ಅಲ್ಲಿಗೂ ವ್ಯತ್ಯಾಸವಿಲ್ಲ. ಅಲ್ಲಿ ಅಂಕ ನೋಡಿ ತೆಗೆಯುತ್ತಾರೆ, ಇಲ್ಲಿ ಏನನ್ನೂ ನೋಡದೆ ಬಿಡುತ್ತಾರೆ. ಅದಲ್ಲದೆ, ಯಾರನ್ನೂ ತೆಗೆಯುವುದಿಲ್ಲ ಎಂಬ ಮಾತು ಕಾಯಂ ಹುದ್ದೆಯವರಿಗೆ ಮಾತ್ರ ಸಲ್ಲುತ್ತದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. ಅವರ ನೇಮಕ ವರ್ಷಕ್ಕೊಮ್ಮೆ ಹುಟ್ಟಿ ವರ್ಷಕ್ಕೊಮ್ಮೆ ಸಾಯುತ್ತದೆ. 2022ರ ಜನವರಿಯಲ್ಲಿ ಅವರ ಗೌರವಧನವನ್ನು ₹11–13 ಸಾವಿರದಿಂದ ₹26–32 ಸಾವಿರಕ್ಕೆ ಏರಿಸಿದರು. ಜೊತೆಗೆ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಿದ್ದರಿಂದ ಎಷ್ಟೋ ಜನರಿಗೆ ಜಾಗವೇ ಇಲ್ಲದಾಯಿತು. ಆಟದ ಮೈದಾನದಲ್ಲಿ ಸ್ಥಿತಿ ಇನ್ನೂ ತೆಳು. ಒಬ್ಬರೇ ಪಿ.ಇ. ಸರ್ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಫುಟ್‌ಬಾಲ್ ಎಲ್ಲವನ್ನೂ ನೋಡಬೇಕು. ಯಾವುದೋ ಒಂದು ಆಟಕ್ಕೆ ಕೋಚ್ ಬೇಕೆಂದರೆ ಟೂರ್ನಿ ಹತ್ತಿರ ಬಂದಾಗ ಕೆಲವು ವಾರದ ಶಿಬಿರಕ್ಕೆ ಒಬ್ಬರನ್ನು ಕರೆಸುತ್ತಾರೆ, ಟೂರ್ನಿ ಮುಗಿದ ದಿನ ಅವರ ಕೆಲಸವೂ ಮುಗಿಯುತ್ತದೆ. ಇದನ್ನು ವಜಾ ಎಂದು ಯಾರೂ ಕರೆಯುವುದಿಲ್ಲ. ಪರಿಣಾಮ ಮಾತ್ರ ನೆಬ್ರಾಸ್ಕದ್ದೇ: ಪ್ರತಿ ವರ್ಷ ಹೊಸ ಮನುಷ್ಯ, ಹೊಸ ಪದ್ಧತಿ, ಮತ್ತೆ ಮೊದಲಿನಿಂದ.

ಅದರ ಮೇಲೆ ನಮ್ಮ ಪಂದ್ಯಗಳ ಸಂಖ್ಯೆ ನೋಡಿ. ಅಮೆರಿಕದ 12 ಪಂದ್ಯಗಳೇ ಕೋಚ್‌ನನ್ನು ಅಳೆಯಲು ಸಾಲವು ಎಂದು ಮೇಲೆ ತೋರಿಸಿದೆ. ನಮ್ಮ ಅಂತರ ಕಾಲೇಜು ಟೂರ್ನಿಗಳು, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯ ಮೊದಲ ಸುತ್ತುಗಳು ನಾಕೌಟ್. ಬೆಳಗಾವಿಯಲ್ಲೇ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ತಂಡವಾಗಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ತಂಡವಾಗಲಿ, ವರ್ಷವಿಡೀ ತಯಾರಿ ಮಾಡಿಕೊಂಡು ಹೋಗಿ ಮೊದಲ ದಿನ ಒಂದು ಪೆನಾಲ್ಟಿಗೆ ಸೋತು ರೈಲು ಹತ್ತಬಹುದು. ಆ ಒಂದು ಪಂದ್ಯದಿಂದ ಕೋಚ್ ಒಳ್ಳೆಯವರೋ ಕೆಟ್ಟವರೋ ಎಂದು ಹೇಳುವವರಿಗೆ ಜ್ಯೋತಿಷ್ಯ ಬಂದಿರಬೇಕು. ಇನ್ನು ಖಾನಾಪುರದ ಹುಡುಗನ ಸ್ಥಿತಿ: ಜೂನ್‌ನಲ್ಲಿ ಕಣಕುಂಬಿ, ಜಾಂಬೋಟಿ ಕಡೆಯ ಮಳೆ ಹಿಡಿದರೆ ತಿಂಗಳುಗಟ್ಟಲೆ ಮೈದಾನ ಕೆಸರುಗದ್ದೆ, ಊರಿಂದ ಬೆಳಗಾವಿಗೆ ಬಂದು ಹೋಗುವ ಬಸ್ಸು, ರೈಲಿನ ವೇಳೆ ಸಂಜೆಯ ಅಭ್ಯಾಸಕ್ಕೆ ಹೊಂದುವುದಿಲ್ಲ. ಅವನನ್ನು ಆಟಗಾರನನ್ನಾಗಿ ಮಾಡಬೇಕಾದವರು ಮೊದಲು ಅವನ ಬಸ್ಸಿನ ವೇಳೆ ತಿಳಿದುಕೊಳ್ಳಬೇಕು, ಮಳೆಗಾಲಕ್ಕೆ ಒಳಾಂಗಣದ ವ್ಯಾಯಾಮ ರೂಪಿಸಬೇಕು, ಅವನ ಎಡಗಾಲು ಬಲಗಾಲಿಗಿಂತ ಹಗುರ ಎಂದು ಗಮನಿಸಬೇಕು. ಕೆಲವು ವಾರಕ್ಕೆ ಬಂದವರಿಗೆ ಇದರಲ್ಲಿ ಯಾವುದೂ ಸಾಧ್ಯವಿಲ್ಲ. ಈ ಸೀಮೆಯ ಗರಡಿಮನೆಗಳಲ್ಲಿ ವಸ್ತಾದರನ್ನು ಒಂದು ಕುಸ್ತಿ ಸೋತಿದ್ದಕ್ಕೆ ಬದಲಿಸುತ್ತಿರಲಿಲ್ಲ. ಪೈಲ್ವಾನನ ಮೈ ಬೆಳೆಯಲು ಎಷ್ಟು ವರ್ಷ ಬೇಕೆಂದು ಊರಿಗೆ ಗೊತ್ತಿತ್ತು.

ಏನು ಮಾಡಬಹುದು ಎಂಬುದಕ್ಕೆ ಹೊಸ ಸಿದ್ಧಾಂತ ಬೇಕಿಲ್ಲ. ಈ ದೇಶದ ನ್ಯಾಯಾಲಯ ಬೇರೊಂದು ಕ್ಷೇತ್ರದಲ್ಲಿ ಇದನ್ನು ಆಗಲೇ ಯೋಚಿಸಿದೆ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಪೊಲೀಸ್ ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು, 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ನಾಗರಿಕ ಸೇವೆಯ ಅಧಿಕಾರಿಗಳಿಗೂ ಕನಿಷ್ಠ ಅವಧಿ ನಿಗದಿಯಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಪದೇ ಪದೇ ಎತ್ತಂಗಡಿಯಾಗುವ ಅಧಿಕಾರಿ ಕೆಲಸ ಕಲಿಯುವುದಿಲ್ಲ, ಎತ್ತಂಗಡಿ ಮಾಡುವವರ ಮರ್ಜಿ ಕಾಯುವುದನ್ನು ಮಾತ್ರ ಕಲಿಯುತ್ತಾನೆ ಎಂಬ ಅನುಭವ ಅದರ ಹಿಂದಿದೆ. ಕರ್ನಾಟಕದ ವಿಶ್ವವಿದ್ಯಾಲಯ ಕಾಯಿದೆ ಕುಲಪತಿಗಳಿಗೆ ನಾಲ್ಕು ವರ್ಷ ಕೊಡುತ್ತದೆ. ಒಂದು ವರ್ಷದ ರ‍್ಯಾಂಕಿಂಗ್ ಕುಸಿಯಿತೆಂದು ಅವರನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಕೋಚ್‌ಗೂ ವಿದ್ಯಾರ್ಥಿ ಕಾಲೇಜಿನಲ್ಲಿ ಇರುವಷ್ಟು ಕಾಲವನ್ನಾದರೂ ಕೊಡಬೇಕು: 2024–25ರಿಂದ ಪದವಿ ಮತ್ತೆ ಮೂರು ವರ್ಷ, ಎಂಜಿನಿಯರಿಂಗ್ ನಾಲ್ಕು. ಮೊದಲ ವರ್ಷ ಸೇರಿದ ಹುಡುಗ ಯೂನಿವರ್ಸಿಟಿ ಬ್ಲೂ ಆಗುವವರೆಗೆ ಒಬ್ಬರೇ ಗುರು ಅವನನ್ನು ನೋಡಲಿ. ಅಷ್ಟು ಕಾಲ ಪರಿಶೀಲನೆಯೇ ಇಲ್ಲವೆಂದಲ್ಲ. ಅಭ್ಯಾಸ ವಾರಕ್ಕೆ ಎಷ್ಟು ದಿನ ನಡೆಯಿತು, ಎಷ್ಟು ಜನ ಬಂದರು, ಗಾಯಗೊಂಡವರಿಗೆ ಏನಾಯಿತು, ಹೊಸಬರಿಗೆ ಆಡಲು ಅವಕಾಶ ಸಿಕ್ಕಿತೇ, ಆಟಗಾರರು ಪರೀಕ್ಷೆ ಪಾಸಾದರೇ ಎಂಬುದನ್ನು ಪ್ರತಿ ಸೆಮಿಸ್ಟರ್ ನೋಡಬಹುದು. ನೋಡುವುದು ಕಷ್ಟದ ಕೆಲಸ, ಅಂಕ ಎಣಿಸುವುದು ಸುಲಭ.

ಹಣ ಎಲ್ಲಿಂದ ಎಂಬುದು ಕೊನೆಯ ಆಕ್ಷೇಪ. 2022ರ ಆದೇಶದ ಗರಿಷ್ಠ ದರದಲ್ಲೇ ಲೆಕ್ಕ ಹಾಕಿದರೂ ಒಬ್ಬ ಕೋಚ್‌ಗೆ ವರ್ಷದ 12 ತಿಂಗಳಿಗೆ ₹3.84 ಲಕ್ಷ, ಮೂರು ವರ್ಷಕ್ಕೆ ₹11.52 ಲಕ್ಷ ಆಗುತ್ತದೆ. ಒಂದು ಕಾಲೇಜಿಗೆ ಇದು ಹೊರೆ ಎಂದರೆ ಬೆಳಗಾವಿಯ ಮೂರು ಕಾಲೇಜು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು, ಮೈದಾನವನ್ನೂ ಹಂಚಿಕೊಳ್ಳಬಹುದು. ಅವಧಿಗೆ ಮೊದಲು ತೆಗೆಯಬೇಕೆಂದರೆ ಆಡಳಿತ ಮಂಡಳಿ ಕಾರಣವನ್ನು ಬರೆದು, ಆ ಕೋಚ್‌ನನ್ನು ಆರಿಸಿದ ಸದಸ್ಯರ ಹೆಸರುಗಳನ್ನೂ ಅದೇ ಹಾಳೆಯಲ್ಲಿ ನಮೂದಿಸಿ, ಸೂಚನಾ ಫಲಕಕ್ಕೆ ಹಾಕಲಿ. ನೇಮಕದ ಆದೇಶ, ಈಗ ಅತಿಥಿ ಉಪನ್ಯಾಸಕರಿಗೆ ಆಗುತ್ತಿರುವಂತೆ ತರಗತಿ ಶುರುವಾಗಿ ತಿಂಗಳುಗಳಾದ ಮೇಲೆ ಬರದೆ, ಪ್ರವೇಶದ ಅರ್ಜಿಗಳು ಬರುವ ಹೊತ್ತಿಗೆ ಕೈಸೇರಲಿ.